ಚೌಡಕ್ಕನ ಒಂದು ಹಿಡಿ ಉಪ್ಪು

ಸೂಳೆಕೆರೆ ಏರಿಯ ಮೇಲೆ ಚೌಡಕ್ಕನ ಒಗ್ಗರಣೆ ಮಂಡಕ್ಕಿ ಗಾಡಿ. ಶಾಲೆ ಬಿಟ್ಟಾಗಿನಿಂದ ನಾನು ಅಲ್ಲೇ ಈರುಳ್ಳಿ ಹೆಚ್ಚುತ್ತೇನೆ, ತಟ್ಟೆ ತೊಳೆಯುತ್ತೇನೆ. ಗಿರಾಕಿಗಳ ಜೊತೆ ಮಾತು ಅವಳದು. ನಾನು ವಾಪಸ್ ಬರುವ ತಟ್ಟೆಗಳನ್ನು ನೋಡುತ್ತೇನೆ.

ಆ ಹದಿನೈದು ದಿನ ತಟ್ಟೆಗಳು ಅರ್ಧ ತುಂಬಿಯೇ ಬಂದವು. ಮಿರ್ಚಿ ಖಾಲಿ, ಮಂಡಕ್ಕಿ ಹಾಗೇ. ದಾವಣಗೆರೆ ಕಡೆಯ ಹುಡುಗಿಯರು ಎರಡು ತುತ್ತು ತಿಂದು, ನೀರಿನ ಬಾಟಲಿ ಕೊಂಡು, ಕೆರೆ ನೋಡಲು ಹೋದರು. ಟೂರಿಗೆ ಬಂದವರು ದೂರು ಹೇಳುವುದಿಲ್ಲ, ಇನ್ನೊಮ್ಮೆ ಬರುವುದಿಲ್ಲ ಅಷ್ಟೇ.

"ಪ್ಯಾಟೆ ಮಂದಿಗೆ ತಟ್ಟೆ ಬೇಕಾಗಿರೋದು ಫೋಟೋ ತೆಗಿಯಾಕೆ, ತಿನ್ನಾಕಲ್ಲ," ಎಂದು ಅಕ್ಕ ನಕ್ಕಳು. ಆದರೆ ಭಾನುವಾರ ಸಂಜೆ, ಪಕ್ಕದ ಕಬ್ಬಿನ ಹಾಲಿನ ಮಹಾಂತೇಶಣ್ಣನಿಗೆ ಅವಳು ಮೆಲ್ಲಗೆ ಹೇಳಿದ್ದು ಕೇಳಿಸಿತು. ಗಾಡಿ ಮಾರಿ ಹೊನ್ನಾಳಿಯ ತಂಗಿ ಹತ್ತಿರ ಹೋಗುತ್ತಾಳಂತೆ.

ಮಂಡಕ್ಕಿ ಉಳಿಯುವ ಕಾರಣ ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಹರಳುಪ್ಪು ಸಿಗದೆ ಪುಡಿ ಉಪ್ಪು ತಂದವಳು ನಾನೇ. ಅಕ್ಕನ ಅಳತೆ ಕೈಯಲ್ಲಿದೆ, ಉಪ್ಪು ಯಾವುದಾದರೂ ಒಂದು ಬಾಣಲೆಗೆ ಒಂದು ಹಿಡಿ. ಹರಳು ಹಿಡಿಯೊಳಗೆ ಸಂದಿ ಬಿಡುತ್ತದೆ, ಪುಡಿ ಬಿಡುವುದಿಲ್ಲ, ಅದೇ ಹಿಡಿಯಲ್ಲಿ ಉಪ್ಪು ಹೆಚ್ಚು ಬೀಳುತ್ತದೆ. ಮಾರುವುದು ಎಂಜಲಾಗಬಾರದೆಂದು ಅವಳು ರುಚಿ ನೋಡುವುದಿಲ್ಲ, ವಾಸನೆಯಲ್ಲೇ ತಿಳಿಯುತ್ತಾಳೆ. ಉಪ್ಪಿಗೆ ವಾಸನೆ ಎಲ್ಲಿ? ಉಳಿದದ್ದನ್ನು ನಾನು ಮೊದಲ ದಿನವೇ ತಿಂದು ನೋಡಿದ್ದೆ. ಇಪ್ಪತ್ತು ವರ್ಷ ಪಳಗಿದ ಕೈಗೆ ಹೇಗೆ ಹೇಳುವುದೆಂದು ಸುಮ್ಮನಾಗಿದ್ದೆ.

ಸೋಮವಾರ ಬಾಣಲೆ ಇಳಿಸಿದ ಕೂಡಲೇ ಗಿರಾಕಿ ನಿಲ್ಲುವ ಕಡೆ ಹೋಗಿ ನಿಂತೆ.

"ಅಕ್ಕಾ, ಒಂದ್ ಪ್ಲೇಟ್ ಕೊಡ್ರಿ."

"ಓಹೋ, ಗಂಗೋತ್ರಿ ಮೇಡಮ್ಮೋರು ಟೂರ್ ಬಂದಾರೆ. ಯಾವೂರಾತ್ರಿ ನಿಮ್ದು?"

ಮೂರನೇ ತುತ್ತಿಗೆ ಉಪ್ಪು ತಾಳದೆ ಮುಖ ಕಿವುಚಿದೆ. ನನ್ನ ಮುಖ ನೋಡುತ್ತಿದ್ದ ಅಕ್ಕನ ನಗು ನಿಂತಿತು.

"ಏನೈತೆ ಹೇಳೆ."

ತಟ್ಟೆಯನ್ನು ಅವಳ ಕಡೆ ಚಾಚಿದೆ. ನನ್ನ ಎಂಜಲೆನ್ನದೆ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ಹರಳುಪ್ಪು ಸಿಗ್ಲಿಲ್ಲ ಅಂತ ಪುಡಿ ತಂದಿದ್ನಲ್ಲ ಅಕ್ಕ. ನಿನ್ ಹಿಡೀಲಿ ಅದು ಜಾಸ್ತಿ ಬೀಳ್ತೈತೆ."

"ಎಷ್ಟ್ ದಿನ ಆತು?"

"ಹದಿನೈದು."

"ಕೈ ತಪ್ಪೋದು ಇರ್ತೈತೆ ಕಣೆ. ಜನ ಬಿಟ್ ಹೋಗೋದು ನೋಡ್ಕೊಂಡು ಹದಿನೈದು ದಿನ ಹೆಂಗೆ ಸುಮ್ನಿದ್ದೆ?"

ಸುಮ್ಮನಿದ್ದರೆ ಯಾರಿಗೂ ನೋವಾಗುವುದಿಲ್ಲ ಎಂದೇ ಅಲ್ಲಿಯವರೆಗೆ ತಿಳಿದಿದ್ದೆ.

ಅಕ್ಕ ಬಾಣಲೆಯಲ್ಲಿದ್ದದ್ದನ್ನೆಲ್ಲ ಕಸದ ಚೀಲಕ್ಕೆ ಸುರಿದು ಹೊಸದಾಗಿ ಎಣ್ಣೆ ಇಟ್ಟಳು. ಅರ್ಧ ಹಿಡಿ ಉಪ್ಪು ಹಾಕಿದಳು. ಮಂಡಕ್ಕಿ ಕಲಸಿ ಒಂದಿಷ್ಟನ್ನು ನನ್ನ ಅಂಗೈಗೆ ಇಟ್ಟಳು. ಅಷ್ಟರಲ್ಲಿ ಏರಿಯ ಮೇಲೆ ಬಸ್ಸೊಂದು ಬಂದು ನಿಂತಿತು. ಅವಳು ಯಾರನ್ನೂ ಕೂಗಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇನ್ನೊಂದ್ ಚಿಟಿಕೆ ಬೇಕಕ್ಕ," ಎಂದೆ.