ಮಸಣದ ಮಾವನ ಕ್ಯಾಸೆಟ್ಟು

"ಇವತ್ತು ಯಾವ ಕಳ್ಳ ಬಂದ್ನೋ?" ಕರೆಗಂಟೆ ಕೇಳಿ ಬರ್ನಡೀನ್ ಖಾಲಿ ಅಡುಗೆಮನೆಯನ್ನೇ ಕೇಳಿದಳು.

ಬಾಗಿಲಲ್ಲಿ ಅರವತ್ತರ ಆಸುಪಾಸಿನ ಬೋಳುತಲೆಯವನೊಬ್ಬ ನಿಂತಿದ್ದ. ಹೆಸರು ಡೆಲ್ಬರ್ಟ್, ಫೋನು ಮಾಡಿಯೇ ಬಂದಿದ್ದ. ಬೂಟಿನ ಹಿಮ ಕೊಡವಿ ಒಳಬಂದು, ಹಳೆಯ ಟೇಪ್ ರೆಕಾರ್ಡರನ್ನು ಮಲಗಿದ ಕೂಸನ್ನು ಇಳಿಸುವ ಹಾಗೆ ಮೇಜಿನ ಮೇಲಿಟ್ಟ.

ಬರ್ನಡೀನಳ ಗಂಡ ಕ್ಯಾಸಿಮಿರ್ ಅಮೆರಿಕದ ಟೊಲೆಡೊ ಊರಿನ ಟಿವಿಯಲ್ಲಿ ಸಂಜೆ ಹವಾಮಾನ ಹೇಳುತ್ತಿದ್ದವನು. ಶುಕ್ರವಾರ ಸರಿರಾತ್ರಿಯಾದರೆ ಮುಖಕ್ಕೆ ಹಿಟ್ಟು ಬಳಿದುಕೊಂಡು, ಶವಪೆಟ್ಟಿಗೆಯಿಂದೆದ್ದು, ಹಳೆಯ ದೆವ್ವದ ಸಿನಿಮಾಗಳನ್ನು ಗೇಲಿ ಮಾಡುತ್ತ ತೋರಿಸುತ್ತಿದ್ದ. ಊರಿಗೆಲ್ಲ ಅವನು ಮಸಣದ ಮಾವ. ಹೊಸ ಟೇಪಿನ ಖರ್ಚು ಉಳಿಸಲು ಸ್ಟೇಷನ್ನಿನವರು ಹಳೆಯ ಟೇಪನ್ನೇ ಅಳಿಸಿ ಅಳಿಸಿ ಮತ್ತೆ ತುಂಬಿದ್ದರಿಂದ, ಅವನು ಸತ್ತ ಮೇಲೆ ಒಂದು ಮಾತೂ ಉಳಿದಿರಲಿಲ್ಲ. ಮೂವತ್ತೊಂದು ವರ್ಷದಿಂದ ಅವಳ ಕಿವಿ ಆ ದನಿಗೆ ಹಸಿದಿತ್ತು. ಆ ಹಸಿವನ್ನು ಬಲ್ಲವನೊಬ್ಬ ಹೋದ ವರ್ಷ ನಕಲಿ ದನಿಯ ಟೇಪು ತಂದು, ಅವಳ ಕಣ್ಣಲ್ಲಿ ನೀರು ತರಿಸಿ, ಕ್ಯಾಸಿಮಿರನ ವೇಷದ ಕರಿ ನಿಲುವಂಗಿ ಹೊಡೆದುಕೊಂಡು ಹೋಗಿದ್ದ.

"ನಿಲುವಂಗಿ ಇಲ್ಲ ಕಣಪ್ಪ, ಮೊದಲೇ ಹೇಳ್ಬಿಡ್ತೀನಿ."

"ಅದು ಬೇಡ ಮೇಡಂ. ಮಸಣದ ಮಾವನ ಟೇಪಿದೆ ಅಂದ್ರೆ ಅಭಿಮಾನಿಗಳ ಕೂಟದಲ್ಲಿ ಎಲ್ರೂ ನನ್ನ ಸುಳ್ಳ ಅಂತಾರೆ. ಇದು ನಿಜ ಅಂತ ನೀವು ಬರೆದುಕೊಟ್ರೆ ಸಾಕು. ನಿಮಗೂ ಒಂದು ಕಾಪಿ ಮಾಡ್ಕೊಡ್ತೀನಿ."

"ಸ್ಟೇಷನ್ನಿನಲ್ಲೇ ಇಲ್ಲದ್ದು ನಿಂಗೆಲ್ಲಿ ಸಿಕ್ತು?"

"ಹನ್ನೊಂದು ವರ್ಷದವನಿದ್ದಾಗ ಟಿವಿ ಮುಂದೆ ಮೈಕು ಹಿಡ್ಕೊಂಡು ಕೂತಿದ್ದೆ."

"ಎಲ್ಲಾ ಕಳ್ಳರಿಗೂ ಒಂದೊಂದು ಬಾಲ್ಯ ಇರತ್ತೆ. ಹಾಕು."

ಜಪಮಾಲೆ ಹಿಡಿದಾಗ ಮುಚ್ಚುವಂತೆ ಅವಳು ಕಣ್ಣು ಮುಚ್ಚಿದಳು. ಮೊದಲು ಬರೀ ಸರಸರ. ಆಮೇಲೆ ಗೊಗ್ಗರು ನಗೆ: "ನಿದ್ದೆ ಬಂತೇನ್ರೋ, ಹೆಣಗಳಾ?" ಅವನದೇ ಅನಿಸಿತು. ಆದರೂ ನಂಬಲಿಲ್ಲ, ಹೋದ ವರ್ಷದವನ ದನಿಯೂ ಥೇಟ್ ಹೀಗೇ ಇತ್ತು.

ಟೇಪಿನಲ್ಲಿ ಹೆಂಗಸೊಬ್ಬಳು ಗದರಿದಳು: "ಡೆಲ್ಬೀ, ಸಾಕು, ಮಲಕ್ಕೋ!"

"ನಮ್ಮಮ್ಮ," ಎಂದ ಡೆಲ್ಬರ್ಟ್ ಮೆಲ್ಲಗೆ.

"ಶ್!"

ಟೇಪಿನಲ್ಲಿ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಟಕ್, ಟಕ್, ಟಕ್. ಅಲ್ಲಿಗೆ ಆಟ ಮುಗಿಯಿತೆಂದು ಊರಿಗೆಲ್ಲ ಗೊತ್ತು. ಡೆಲ್ಬರ್ಟ್ ಗುಂಡಿಯತ್ತ ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ಇರು."

ಸರಸರ. ಬಹಳ ಹೊತ್ತು ಅಷ್ಟೇ. ಆಮೇಲೆ, ಉಂಗುರದ ಬೆರಳಿನದು, ಸಣ್ಣಗೆ: ಟಕ್.

ಅದು ಕ್ಯಾಸಿಮಿರ್ ಅವಳಿಗೆಂದೇ ತಟ್ಟಿದ್ದು. ಮನೆಗೆ ಹೊರಟೆ, ಬಾಣಲೆ ಒಲೆಗಿಡು, ಎಂದು. ಊರೆಲ್ಲ ಮೂರಕ್ಕೇ ಟಿವಿ ಆರಿಸುತ್ತಿತ್ತು. ನಕಲು ಮಾಡುವವರೆಲ್ಲ ಮೂರೇ ತಟ್ಟುತ್ತಿದ್ದರು. ನಾಲ್ಕನೆಯದಕ್ಕೆ ಅವಳೊಬ್ಬಳೇ ಪಿಯರೋಗಿ ಕಡುಬು ಕರಿಯಲು ಏಳುತ್ತಿದ್ದಳು.

"ಕೊನೇದು ನನ್ನ ಮೈಕು ತಾಗಿದ್ದು, ಕ್ಷಮಿಸಿ," ಎಂದ ಡೆಲ್ಬರ್ಟ್. "ಕಾಪಿಯಲ್ಲಿ ಅದನ್ನ ತೆಗೆದುಬಿಡ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ!"

ಅವಳು ಕಾಗದ ಎಳೆದುಕೊಂಡು, 'ಇದು ನನ್ನ ಗಂಡನ ದನಿ' ಎಂದು ಬರೆದು ರುಜು ಹಾಕಿದಳು. ಕಾಗದದ ಮೇಲೆ ಬಿದ್ದ ಕಣ್ಣೀರನ್ನು ತೋಳಿನಿಂದ ಒರೆಸಿದಳು. ಈಗ ಅನುಮಾನ ಡೆಲ್ಬರ್ಟನಿಗೆ ಹತ್ತಿತು. ಕಾಗದವನ್ನೂ ಅವಳ ಮುಖವನ್ನೂ ನೋಡಿದ.

"ದನಿ ಕೇಳಿದಾಗ ಕಲ್ಲಿನ ಹಾಗೆ ಕೂತಿದ್ರಿ. ಆ ಸದ್ದಿಗೆ ಕರಗಿಬಿಟ್ರಿ. ಅದೇನದು ಮೇಡಂ? ಕೂಟದಲ್ಲಿ ಕೇಳ್ತಾರೆ. ನಂಗೊಬ್ಬನಿಗಾದ್ರೂ ಹೇಳಿ."

"ಹೇಳಲ್ಲ," ಎಂದಳು ಬರ್ನಡೀನ್.