ಚಿನ್ನು ಕೈ ಮುಗಿದದ್ದು

ಎಣ್ಣೆನೀರು ಹಾಕಿ ಮುಗಿಸಿ, ಸೋಮಮ್ಮ ಮೊಮ್ಮಗಳು ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿ ಒರೆಸುತ್ತಿದ್ದಳು. ಆರು ತಿಂಗಳ ಕೂಸು ತಟ್ಟನೆ ತಲೆ ಬಾಗಿಸಿ ಎರಡೂ ಕೈ ಮುಂದೆ ತಂದಿತು. ತುಸು ಬಿಟ್ಟು ಮತ್ತೆ ಹಾಗೆಯೇ ಮಾಡಿತು. ಬಾಗಿಲಿನಾಚೆ ಕರಿಘಟ್ಟದ ಬೆಟ್ಟ ಕಾಣುತ್ತಿತ್ತು.

"ಪವಿತ್ರ, ಬಾರೇ ಇಲ್ಲಿ! ಕೂಸು ಬೆಟ್ಟದ ಸ್ವಾಮಿಗೆ ಕೈ ಮುಗೀತಾ ಅದೆ!"

ಸೊಸೆ ಓಡಿ ಬಂದು ನಕ್ಕಳು. ಮಗ ಚಲುವರಾಜು ಹೆಂಡತಿಯ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಎರಡು ದಿನದಲ್ಲಿ ಬೀದಿಯವರೆಲ್ಲ ಬಂದು ನೋಡಿ, ದೈವಭಕ್ತಿಯ ಕೂಸು ಎಂದು ಕೊಂಡಾಡಿ ಹೋದರು. ಸೋಮಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೊದಲು ನಗು ನಿಲ್ಲಿಸಿದವಳು ಪವಿತ್ರ.

"ಅತ್ತೆ, ಕೈ ಮುಗುದ್ಮೇಲೆ ಯಾಕಂಗೆ ಕಿರುಚಿ ಅಳ್ತಾಳೆ? ಮೊದ್ಲು ನನ್ ಮೊಕ ಕಂಡ್ರೆ ನಗ್ತಿದ್ಲು. ಈಗ ತಿರುಗೂ ನೋಡಕಿಲ್ಲ. ಬೋರಲು ಬೀಳ್ತಿದ್ದೋಳು ಅದ್ನೂ ಬುಟ್ಬುಟ್ಲು. ಡಾಕ್ಟ್ರಿಗೆ ತೋರ್ಸನ."

"ಬಂದೋರ ದೃಷ್ಟಿ ತಾಕದೆ, ಅಷ್ಟೆಯ. ನಿನ್ ಗಂಡ ಕೂಸಾಗಿದ್ದಾಗ ಕುಂತಿದ್ದೇ ವರ್ಸಕ್ಕೆ. ಎಣ್ಣು ಕೂಸಿಗೆ ಒಂದ್ಸಲ ಕಾಯ್ಲೆ ಅನ್ನೋ ಎಸ್ರು ಬಿದ್ರೆ ತೊಳದ್ರೆ ಓದಾದೇನೇ?"

ಪವಿತ್ರ ಗಂಡನ ಮುಖ ನೋಡಿದಳು. "ಅವ್ವ ಮೂರು ಮಕ್ಳ ಸಾಕವ್ಳೆ, ಅವ್ಳಿಗೆ ಗೊತ್ತಿರಕಿಲ್ವಾ?" ಎಂದು ಚಲುವರಾಜು ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟ.

ಸೋಮಮ್ಮ ಕೆಟ್ಟವಳಲ್ಲ. ದಿನವೂ ಮೆಣಸಿನಕಾಯಿ ನಿವಾಳಿಸಿದಳು, ಹರಕೆ ಹೊತ್ತಳು, ಕೂಸನ್ನು ಎದೆಗವುಚಿಕೊಂಡೇ ಮಲಗಿದಳು. ಆದರೂ ಚಿನ್ನು ಕಲಿತದ್ದು ಒಂದೊಂದಾಗಿ ಜಾರಿಹೋಯಿತು. ಗಿಲಕಿ ಆಡಿಸಿದರೆ ಕೈ ಚಾಚಲಿಲ್ಲ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ, ನಿಂತಿದ್ದ ಕುತ್ತಿಗೆಯೂ ವಾಲತೊಡಗಿತು. ಆ ದಿನ ಪವಿತ್ರ ಯಾರನ್ನೂ ಕೇಳಲಿಲ್ಲ. ಕೂಸನ್ನು ಹೆಗಲಿಗೆ ಒರಗಿಸಿಕೊಂಡು ಮೈಸೂರಿನ ಬಸ್ಸು ಹತ್ತಿದಳು. ಬೈಯುತ್ತಲೇ ಸೋಮಮ್ಮ ಹಿಂದೆ ಹತ್ತಿದಳು.

ಆಸ್ಪತ್ರೆಯಲ್ಲಿ ಸೋಮಮ್ಮನೇ ಸೊಸೆಯ ಮೊಬೈಲು ಮುಂದೆ ಹಿಡಿದಳು. "ನೋಡಿ ಸ್ವಾಮಿ, ಎಂಗೆ ಕೈ ಮುಗೀತದೆ!"

ಡಾಕ್ಟರು ನಗಲಿಲ್ಲ. ವಿಡಿಯೊವನ್ನು ಇನ್ನೊಮ್ಮೆ ನೋಡಿದರು.

"ಅಮ್ಮಾ, ಇದು ಕೈ ಮುಗಿಯೋದಲ್ಲ, ಫಿಟ್ಸು. ಎಳೆ ಮಕ್ಕಳಿಗೆ ಹೀಗೂ ಬರುತ್ತೆ. ಬರ್ತಾ ಬರ್ತಾ ಮಿದುಳಿನ ಬೆಳವಣಿಗೆ ಕೆಡುತ್ತೆ. ಕಲಿತದ್ದು ಮರೆತುಹೋಗುತ್ತೆ. ಶುರುವಾದಾಗಲೇ ಬಂದಿದ್ರೆ ಆಸೆ ಹೆಚ್ಚಿತ್ತು."

"ಈಗ?" ಎಂದಳು ಪವಿತ್ರ.

"ಔಷಧ ಕೊಡ್ತೀನಿ, ಫಿಟ್ಸು ನಿಲ್ಲಬಹುದು. ಕಳೆದದ್ದು ವಾಪಸ್ಸು ಬರುತ್ತೆ ಅಂತ ಮಾತ್ರ ಹೇಳಲಾರೆ."

ದಾರಿಯುದ್ದಕ್ಕೂ ಪವಿತ್ರ ಅತ್ತೆಯನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸೋಮಮ್ಮನಿಗೆ.

ಫಿಟ್ಸು ನಿಂತಿತು. ನಗು ಮರಳಲಿಲ್ಲ. ಚಿನ್ನುವಿಗೆ ವರ್ಷ ತುಂಬಿದ ದಿನ ಮನೆಯಲ್ಲಿ ಯಾರೂ ಹುಟ್ಟುಹಬ್ಬದ ಮಾತೆತ್ತಲಿಲ್ಲ. ಯಾರಾದರೂ ಬಂದರೆ ಸೋಮಮ್ಮ ಕೂಸನ್ನು ಕೋಣೆಗೆ ಒಯ್ದು ಮಲಗಿಸಿ, ಬಾಗಿಲು ಎಳೆದುಕೊಂಡು ಬರುತ್ತಿದ್ದಳು.

ಒಂದು ಮಧ್ಯಾಹ್ನ ಹಿಂದಿನ ಬೀದಿಯ ಮುತ್ತಮ್ಮ, ಮಗಳ ಐದು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಬಂದಳು. "ಇವ್ನು ನಿದ್ದೆಯಿಂದ ಎದ್ರೆ ಸಾಕು, ಬೆಚ್ಚಿ ಬೆಚ್ಚಿ ಬೀಳ್ತಾನೆ ಕಣಕ್ಕ. ಅಂತ್ರ ಕಟ್ಟಿಸ್ದೊ, ಓಗ್ನಿಲ್ಲ. ನಿಂಗೇನಾರ ಗೊತ್ತಾ ಅಂತ ಬಂದೆ."

ಸೋಮಮ್ಮ ಬಗ್ಗಿ ಮಗುವಿನ ಮುಖ ನೋಡಿದಳು. "ನಗ್ತಾನಾ?"

"ಮೊದ್ಲು ನಗ್ತಿದ್ದ. ಈಗೀಗ ಸಪ್ಪಗವ್ನೆ."

ಸೋಮಮ್ಮ ಎದ್ದು ಕೋಣೆಗೆ ಹೋದಳು. ಚಿನ್ನುವನ್ನು ಹೊತ್ತು ತಂದು ಮುತ್ತಮ್ಮನ ಎದುರಿಗೇ ಕೂತಳು. ವಾಲುತ್ತಿದ್ದ ತಲೆಗೆ ಅಂಗೈ ಆನಿಸಿದಳು. ಕೂಸಿನ ಕಣ್ಣು ಯಾರ ಮೇಲೂ ನಿಲ್ಲಲಿಲ್ಲ. ಮುತ್ತಮ್ಮನ ಕೈ ಬಾಯಿಗೆ ಹೋಯಿತು.

"ಸರ್ಯಾಗಿ ನೋಡು. ಇವ್ಳೂ ನಗ್ತಿದ್ಲು. ಪವಿತ್ರ ಬಡ್ಕೊಂಡ್ಲು, ನಾನು ಕೇಳ್ನಿಲ್ಲ. ಕೂಸಿನ ಬಾಳ್ನೇ ಆಳು ಮಾಡ್ಬುಟ್ಟೆ. ನೀನು ಈಗ್ಲೇ ಆಸ್ಪತ್ರೆಗೆ ಓಗು. ನಾಳೆ ಅನ್ಬ್ಯಾಡ, ಅಳಿಯನ್ನ ಕೇಳ್ತೀನಿ ಅನ್ಬ್ಯಾಡ."

ಮುತ್ತಮ್ಮ ಮಗುವನ್ನು ಅವುಚಿಕೊಂಡು ಓಡುನಡೆಯಲ್ಲಿ ಹೋದಳು.

ಕೊಟ್ಟಿಗೆಯಿಂದ ಬಂದ ಪವಿತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈತೊಳೆದು ಗಂಜಿಯ ಬಟ್ಟಲು ತಂದು ಅತ್ತೆಯ ಪಕ್ಕ ಕೂತಳು.

"ತಲೆ ಇನ್ನೊಸಿ ಎತ್ತಿಡ್ಕಳಿ, ಅತ್ತೆ. ನೆತ್ತಿಗತ್ತದೆ."

ಸೋಮಮ್ಮ ಎತ್ತಿ ಹಿಡಿದಳು. ಬಾಯಿಗಿಟ್ಟ ಗಂಜಿಯಲ್ಲಿ ಅರ್ಧ ಗಲ್ಲದ ಮೇಲೆ ಇಳಿಯಿತು. ಪವಿತ್ರ ಸೆರಗಿನಿಂದ ಒರೆಸಿ, ಮತ್ತೊಂದು ಚಮಚ ತುಂಬಿದಳು.