ಕೊನೆಯ ಬೆಂಚಿಗೆ ಕೇಳಿಸಿದ್ದು

ಶಾಲೆಯ ಹೊಸ ಕಟ್ಟಡ ನೋಡುವುದಕ್ಕೆ ಅರಮನೆ, ಕೂತು ಪಾಠ ಕೇಳುವುದಕ್ಕೆ ಮೀನಿನ ಸಂತೆ. ಎತ್ತರದ ಕಾಂಕ್ರೀಟ್ ಸೂರು, ಸುತ್ತ ಗಾಜು. ಒಬ್ಬ ಕೆಮ್ಮಿದರೆ ಊರೇ ಕೆಮ್ಮಿದ ಹಾಗೆ. ನಕ್ಷೆ ಬರೆದ ಪುಣ್ಯಾತ್ಮನನ್ನು ಒಂದು ದಿನ ಅಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸಬೇಕಿತ್ತು.

ಭಾಷೆಯ ಟೀಚರನ್ನು ಮಕ್ಕಳು ‘ಗಂಟೆ ಟೀಚರ್’ ಎನ್ನುತ್ತಿದ್ದರು. ಹಳೇ ಕಟ್ಟಡದಲ್ಲಿ ಅವರು ಗಂಟೆಯಂಥ ಧ್ವನಿಯಲ್ಲಿ ಪದ್ಯ ಓದಿದರೆ ಪಕ್ಕದ ತರಗತಿಯೂ ಸುಮ್ಮನಾಗುತ್ತಿತ್ತು. ಹೊಸದರಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡ ಮೇಲೆ, ಇನ್ನು ಕೂಗಿದರೆ ಇರುವ ಧ್ವನಿಯೂ ಹೋಗುತ್ತದೆಂದು ವೈದ್ಯರು ಹೇಳಿಬಿಟ್ಟರು. ಕೊನೆಯ ಬೆಂಚಿಗೆ ಕೇಳಿಸದಿದ್ದರೆ ಪಾಠ ಬಿಟ್ಟು ಗ್ರಂಥಾಲಯ ನೋಡಿಕೊಳ್ಳಿ ಎಂದರು ಮುಖ್ಯೋಪಾಧ್ಯಾಯರು. ಪಾಠ ಬಿಟ್ಟರೆ ಟೀಚರಿಗೆ ಬದುಕಿನಲ್ಲಿ ಬೇರೆ ಏನೂ ಇರಲಿಲ್ಲ.

ಅವರ ತಮ್ಮ ಕಟ್ಟಡಗಳ ಸೂರಿಗೆ ಹಲಗೆ ಕೂರಿಸುವ ಕೆಲಸದವನು. “ಅಕ್ಕಾ, ತಪ್ಪು ನಿನ್ನ ಗಂಟಲಿಂದಲ್ಲ, ಸೂರಿಂದು. ಹಳೇ ಬಟ್ಟೆ ಒತ್ತಿ ಮಾಡಿರೋ ಹಲಗೆ ಬಂದಿದೆ, ತಿರುಗಿ ಮೊಳಗೋ ಸದ್ದನ್ನೆಲ್ಲ ಕುಡಿದು ಮಾತನ್ನಷ್ಟೇ ಬಿಡುತ್ತೆ. ಬಿಸಾಡೋ ಚಿಂದಿಗೂ ಒಂದು ಗತಿ ಆಗುತ್ತೆ.”

“ಹಾಗೇ ನನಗೂ ಒಂದು ಗತಿ ಕಾಣಿಸೋ ಮಾರಾಯ.”

ಅವನು ಮುಖ್ಯೋಪಾಧ್ಯಾಯರ ಬೆನ್ನು ಬಿದ್ದು ಒಪ್ಪಿಸಿದ. ರಜೆಯಲ್ಲಿ ಅಕ್ಕನ ಕೋಣೆಗೆ ತಾನೇ ನಿಂತು ಹಲಗೆ ಕೂರಿಸಿದ. ಕೆಳಗಿಳಿದು ಚಪ್ಪಾಳೆ ತಟ್ಟಿದರೆ ಸದ್ದು ಮೊಳಗದೆ ಅಂಗೈಯಲ್ಲೇ ಮುಗಿಯಿತು.

ಶಾಲೆ ತೆರೆದ ದಿನ ಮುಖ್ಯೋಪಾಧ್ಯಾಯರು ಹಿಂದೆ ಹೋಗಿ ಕೂತರು. ಬಾಗಿಲಲ್ಲಿ ನಿಂತ ತಮ್ಮ, “ಕೂಗಬೇಡ ಅಕ್ಕಾ, ಮೆತ್ತಗೆ ಓದು ಸಾಕು” ಎಂದ. ಟೀಚರ್ ಪದ್ಯ ಶುರುಮಾಡಿದರು. ಒಂದೊಂದು ಮಾತೂ ಕೊನೆಯ ಬೆಂಚು ಮುಟ್ಟಿತು. ಮುಖ್ಯೋಪಾಧ್ಯಾಯರು ತಲೆಯಾಡಿಸಿದರು. ಅವರ ಪಕ್ಕದ ಹುಡುಗಿ ಕೈ ಎತ್ತಿದಳು.

“ಟೀಚರ್, ಯಾಕೆ ಅಳ್ತಿದ್ದೀರಾ?”

ಟೀಚರ್ ಕೆನ್ನೆ ಮುಟ್ಟಿ ನೋಡಿಕೊಂಡರು. ಒದ್ದೆ ಇರಲಿಲ್ಲ. “ಅಳ್ತಿಲ್ಲ ಪುಟ್ಟಿ” ಎಂದರು. ಆಗ ತಮ್ಮದೇ ಧ್ವನಿ ಅವರಿಗೂ ಕೇಳಿಸಿತು. ಕೆರೆದು, ನಡುವೆ ಹರಿದು, ಕೊನೆಗೆ ಬರೀ ಉಸಿರಾಗುವ ಧ್ವನಿ. ಕೆಟ್ಟಿದೆಯೆಂದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ. ಇಷ್ಟು ದಿನ ಆ ಹಾಳು ಗದ್ದಲವೇ ಅದನ್ನು ಮುಚ್ಚಿಟ್ಟಿತ್ತು. ಬಾಗಿಲ ಕಡೆ ನೋಡಿದರು. ತಮ್ಮ ತಲೆ ತಗ್ಗಿಸಿದ. ಅವನಿಗೆ ಮೊದಲೇ ಗೊತ್ತಿತ್ತು.

“ಓದಿ ಟೀಚರ್, ಚೆನ್ನಾಗಿ ಕೇಳಿಸ್ತಿದೆ” ಎಂದರು ಮುಖ್ಯೋಪಾಧ್ಯಾಯರು.

ಮಕ್ಕಳು ಕನಿಕರದಿಂದ ಮಿಸುಕದೆ ಕೂತಿದ್ದರು. ವರ್ಷಗಟ್ಟಲೆ ಗೋಗರೆದರೂ ಸಿಗದಿದ್ದ ನಿಶ್ಶಬ್ದ ಈಗ ಸಿಕ್ಕಿತ್ತು, ಅದರಲ್ಲಿ ಓದುವ ಧ್ವನಿ ಉಳಿದಿರಲಿಲ್ಲ. ಟೀಚರ್ ಆ ಹುಡುಗಿಯನ್ನು ಕರೆದು ಪುಸ್ತಕ ಕೈಗಿತ್ತರು. ಅವಳು ಓದತೊಡಗಿದಾಗ ಕಿಟಕಿಯ ಕಡೆ ತಿರುಗಿ, ಅಂಗೈಯನ್ನು ಬಾಯಿಗೆ ಗಟ್ಟಿಯಾಗಿ ಒತ್ತಿಕೊಂಡರು. ಆ ಕೋಣೆಯಲ್ಲಿ ಬಿಕ್ಕಿದರೂ ಕೊನೆಯ ಬೆಂಚಿಗೆ ಕೇಳಿಸುತ್ತಿತ್ತು.